ನಳ ಕಾಲು ತೊಳೆಯದ ದಿನ

(ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಕುಡಿತದ ಚಟದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ.)

ಆಷಾಢದ ಅಮಾವಾಸ್ಯೆ ದಿನ ನಮ್ಮ ಹಳೆಯ ಚಾಳಿನ ಒಂದೇ ಮಹಡಿಯಲ್ಲಿ ಮೂರು ಹಬ್ಬ ನಡೆಯುತ್ತಿತ್ತು. ಎಡಗಡೆ ಮನೆಯವರು ಹಾಸನದ ಕಡೆಯವರು. ಅವರಿಗೆ ಅದು ಭೀಮನ ಅಮಾವಾಸ್ಯೆ. ಆಕೆ ಗಂಡನನ್ನು ಮಣೆ ಮೇಲೆ ಕೂರಿಸಿ, ಪಾದ ತೊಳೆದು ಪೂಜೆ ಮಾಡುತ್ತಿದ್ದರು. ನಾವು ಕುಂದಾಪುರದ ಕಡೆಯವರು. ನಮಗೆ ಆಸಾಡಿ ಅಮಾಸೆ. ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ. ಕುಡಿದವರಿಗೇ ಗೊತ್ತು ಅದರ ಕಹಿ. ಕೊನೆಯ ಮನೆಯ ಮರಾಠಿ ವಹಿನಿಗೆ ದೀಪ ಅಮಾವಾಸ್ಯೆ. ಮನೆಯ ದೀಪಗಳನ್ನೆಲ್ಲ ಉಜ್ಜಿ ಬೆಳಗಿ ಸಾಲಾಗಿ ಇಡುತ್ತಿದ್ದರು.

ಇದೆಲ್ಲ ಬೆಳಿಗ್ಗೆಯ ಮಾತು. ಸಂಜೆ ಮೂರೂ ಮನೆಯ ಗಂಡಸರಿಗೆ ಒಂದೇ ಹಬ್ಬ. ಗಟಾರಿ. ನಗುತ್ತಿದ್ದೀರಿ, ಅಂದರೆ ಎಲ್ಲರಿಗೂ ಗೊತ್ತು. ಮರುದಿನದಿಂದ ಶ್ರಾವಣ. ತಿಂಗಳಿಡೀ ಮಾಂಸ ಇಲ್ಲ, ಕುಡಿಯೋ ಹಾಗಿಲ್ಲ. ಹಾಗಾಗಿ ಒಂದು ತಿಂಗಳಿನದನ್ನು ಒಂದೇ ರಾತ್ರಿ ಕುಡಿಯಬೇಕು. ಬೆಳಿಗ್ಗೆ ಮಣೆ ಮೇಲಿದ್ದ ಪಾದಗಳನ್ನು ರಾತ್ರಿ ಇಬ್ಬರು ಹಿಡಿದು ಮೂರನೇ ಮಹಡಿಗೆ ಹತ್ತಿಸುತ್ತಿದ್ದರು.

ನಮ್ಮನೆಯವರೂ ಆ ಗುಂಪಿನಲ್ಲಿದ್ದರು. ಇವತ್ತು ಅವರು ಇಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಏನು ಹೇಳಬಹುದು, ಏನು ಹೇಳಬಾರದು ಅಂತ ನಿನ್ನೆ ರಾತ್ರಿ ಕೂತು ಮಾತಾಡಿಕೊಂಡೇ ಬಂದಿದ್ದೇವೆ. ನೀವು ತಿರುಗಿ ನೋಡಬೇಡಿ.

ನನ್ನ ತಲೆ ಕೆಡಿಸಿದ್ದು ಗಟಾರಿಯಲ್ಲ, ಅದರ ಮುಂದಿನ ಶ್ರಾವಣ. ಮದುವೆಯಾದ ಹೊಸದರಲ್ಲಿ, ಅಂದರೆ 1984–85ರಲ್ಲಿ, ಅವರು ಶ್ರಾವಣ ಪೂರ್ತಿ ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಮುಖದಲ್ಲಿ ಕಳೆ ಬರುತ್ತಿತ್ತು. ನಾನು ಯೋಚಿಸುತ್ತಿದ್ದೆ: ಒಂದು ತಿಂಗಳು ಬಿಡಬಲ್ಲವರು ಹನ್ನೆರಡು ತಿಂಗಳು ಯಾಕೆ ಬಿಡಲಾರರು? ಬಿಡಲಾರರು ಅಂತಲ್ಲ, ಬಿಡಲು ಮನಸ್ಸಿಲ್ಲ. ಅಂದರೆ ನಮ್ಮ ಮೇಲೆ ಪ್ರೀತಿ ಇಲ್ಲ. ಹೀಗೇ ಲೆಕ್ಕ ಹಾಕುತ್ತಿದ್ದೆ. ವರ್ಷ ಕಳೆದ ಹಾಗೆ ಶ್ರಾವಣ ಸಣ್ಣದಾಯಿತು. ಮೊದಲು ತಿಂಗಳು ಪೂರ್ತಿ ಇತ್ತು. ಆಮೇಲೆ ಗೋಕುಲಾಷ್ಟಮಿವರೆಗೆ. ಆಮೇಲೆ ನಾಗರ ಪಂಚಮಿವರೆಗೆ. ಕೊನೆಗೆ ಮೊದಲ ಸೋಮವಾರ ಒಂದು ದಿನ. ಆ ಸೋಮವಾರವೂ ಸಂಜೆ ಹೊತ್ತಿಗೆ ಕೈ ನಡುಗುತ್ತಿತ್ತು. ಶ್ರಾವಣ ಸಣ್ಣದಾಗುತ್ತಿದೆ ಅಂತ ನಾನು ಗಮನಿಸಿದೆ, ಯಾಕೆ ಅಂತ ಕೇಳಿಕೊಳ್ಳಲಿಲ್ಲ. ನನ್ನ ಹತ್ತಿರ ಉತ್ತರ ಮೊದಲೇ ಸಿದ್ಧವಿತ್ತಲ್ಲ.

ಇವತ್ತು ಮಾತಾಡಬೇಕಾದ್ದು ಆ ಸಿದ್ಧ ಉತ್ತರಗಳ ಬಗ್ಗೆಯೇ. ಮನುಷ್ಯ ಚಟಕ್ಕೆ ಬಿದ್ದಾಗ ಸುತ್ತಲಿನವರು ಕಾರಣ ಹೇಳುತ್ತಾರೆ. ಒಂದು ಕಾರಣ ಗುಣದ್ದು: ಅವನಿಗೆ ನೀತಿಯಿಲ್ಲ, ಮನಸ್ಸು ಗಟ್ಟಿಯಿಲ್ಲ. ಇನ್ನೊಂದು ದೈವದ್ದು: ಅವನೊಳಗೆ ಏನೋ ಸೇರಿಕೊಂಡಿದೆ, ಯಾವುದೋ ದೋಷ ಇದೆ. ಮೂರನೆಯದು ಡಾಕ್ಟರರದ್ದು: ಅದು ರೋಗ. ನಮ್ಮ ಮನೆ ಮೂರನ್ನೂ ಕಂಡಿದೆ. ಯಾವುದು ನಿಜ ಅಂತ ತೀರ್ಪು ಕೊಡಲು ನಾನು ಬಂದಿಲ್ಲ. ಪ್ರತಿ ಕಾರಣವೂ ಮನೆಯೊಳಗೆ ಬಂದ ಮೇಲೆ ಯಾರ ತಲೆ ಮೇಲೆ ಕೂರುತ್ತದೆ ಅಂತ ನೋಡಿದ್ದೇನೆ. ಅದನ್ನು ಹೇಳುತ್ತೇನೆ.

ನೀತಿಯ ಮಾತು ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನ ವ್ಯಸನಗಳ ಬಗ್ಗೆಯೇ ಚರ್ಚೆ ಇದೆ. ಆಸೆಯಿಂದ ಹುಟ್ಟುವವು ನಾಲ್ಕು: ಬೇಟೆ, ಜೂಜು, ಹೆಣ್ಣು, ಕುಡಿತ. ಇದರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ಹಳೆಯ ಪಂಡಿತರ ಹೆಸರು ಹೇಳಿ ಹೇಳಿ ವಾದ ಮಾಡುತ್ತಾನೆ. ಜೈನರಲ್ಲಿ ಸಪ್ತವ್ಯಸನ. ಬೌದ್ಧರ ಐದನೆಯ ಶೀಲ ಮದ್ಯ ಬಿಡುವುದು. ಎಲ್ಲವೂ ಬಿಡು ಅನ್ನುತ್ತವೆ. ಸರಿ, ಬಿಡಬೇಕು. ಆದರೆ ಬಿಡಲಾಗದವನ ಕಥೆ ಏನು?

ಅದನ್ನು ನಮ್ಮವರು ಕೇಳಿಲ್ಲ ಅಂದುಕೊಳ್ಳಬೇಡಿ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಕೋರನ ಸೂಕ್ತ ಒಂದಿದೆ, ಮೂವತ್ತನಾಲ್ಕನೆಯದು. ಅಲ್ಲಿ ಮಾತಾಡುವವನು ಜೂಜುಕೋರನೇ. ಅತ್ತೆ ದ್ವೇಷಿಸುತ್ತಾಳೆ, ಹೆಂಡತಿ ದೂರ ತಳ್ಳುತ್ತಾಳೆ. ಅಪ್ಪ, ಅಮ್ಮ, ಅಣ್ಣತಮ್ಮಂದಿರು 'ಇವನ್ಯಾರೋ ನಮಗೆ ಗೊತ್ತಿಲ್ಲ, ಕಟ್ಟಿ ಎಳಕೊಂಡು ಹೋಗಿ' ಅನ್ನುತ್ತಾರೆ. ಇನ್ನು ಆಡುವುದಿಲ್ಲ ಅಂತ ಅವನು ನಿಶ್ಚಯಿಸುತ್ತಾನೆ. ಅಷ್ಟರಲ್ಲಿ ದಾಳಗಳು ಬಿದ್ದ ಸದ್ದು ಕೇಳುತ್ತದೆ. ಹೊರಟೇಬಿಡುತ್ತಾನೆ. ದಾಳಗಳಿಗೆ ಕೈಯಿಲ್ಲ, ಆದರೂ ಕೈಯಿದ್ದವನನ್ನು ಸೋಲಿಸುತ್ತವೆ ಅಂತ ಅಲ್ಲೇ ಹೇಳಿದೆ. ನಮ್ಮನೆಯವರಿಗೆ ನಾನು ಇದನ್ನು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 'ಇವನು ನಮ್ಮ ಮೀಟಿಂಗ್‌ಗೆ ಬರಬೇಕಿತ್ತು' ಅಂದರು. ಕುಡಿತ ಬಿಡುವವರ ಮೀಟಿಂಗ್ ಅದು, ಮುಂದೆ ಹೇಳುತ್ತೇನೆ.

ಗೀತೆಯಲ್ಲೂ ಇದೆ. ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ: ಮನಸ್ಸಿಲ್ಲದಿದ್ದರೂ, ಯಾರೋ ಬಲವಂತವಾಗಿ ದೂಡಿದ ಹಾಗೆ, ಮನುಷ್ಯ ಪಾಪ ಮಾಡುತ್ತಾನಲ್ಲ, ದೂಡುವವರು ಯಾರು? ಕೃಷ್ಣನ ಉತ್ತರ ನಿಮಗೆಲ್ಲ ಗೊತ್ತು: ಕಾಮ, ಕ್ರೋಧ. ನನಗೆ ಉತ್ತರಕ್ಕಿಂತ ಪ್ರಶ್ನೆಯೇ ಇಷ್ಟ. ಕೇಳಿದವನು ದುರ್ಬಲ ಮನಸ್ಸಿನವನಲ್ಲ ನೋಡಿ. ಹಕ್ಕಿಯ ಕಣ್ಣೊಂದನ್ನೇ ಕಂಡವನು.

ಹಾಂ, ಇನ್ನೊಂದು. 'ವ್ಯಸನ' ಅನ್ನುವ ಪದ ನೋಡಿ. ಮರಾಠಿಯಲ್ಲಿ ವ್ಯಸನ ಅಂದರೆ ಚಟ. ಇಲ್ಲಿ ಬೋರ್ಡುಗಳಲ್ಲಿ ಓದುತ್ತೀರಲ್ಲ, ವ್ಯಸನಮುಕ್ತಿ ಕೇಂದ್ರ ಅಂತ. ಕನ್ನಡದಲ್ಲಿ ನಾವು ಸಾವಿನ ಸುದ್ದಿ ಕೇಳಿದರೂ 'ವ್ಯಸನವಾಯಿತು' ಅನ್ನುತ್ತೇವೆ. ಚಟಕ್ಕೂ ದುಃಖಕ್ಕೂ ಒಂದೇ ಪದ. ಶಾಲೆಯಲ್ಲಿ ಮಕ್ಕಳು 'ಟೀಚರ್, ಎರಡು ಅರ್ಥ ಯಾಕೆ' ಅಂತ ಕೇಳಿದರೆ ನಾನು ಸಂಸ್ಕೃತದಲ್ಲಿ ಆಪತ್ತು ಅಂತ ಅರ್ಥ, ಅದರಿಂದ ಎರಡೂ ಬಂತು ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಅದೇ ಪದ ರಾತ್ರಿ ಹನ್ನೆರಡಕ್ಕೆ ನಮ್ಮ ಬಾಗಿಲು ತಟ್ಟುತ್ತಿತ್ತು.

ನೀತಿಯ ಕಾರಣದ ತೊಂದರೆ ಏನು ಗೊತ್ತಾ? ಅದು ಕುಡಿಯುವವನ ಹತ್ತಿರ ನಿಲ್ಲುವುದಿಲ್ಲ. ಪಕ್ಕಕ್ಕೆ ಹರಿಯುತ್ತದೆ. ಊರಲ್ಲಿ ನಮ್ಮ ಅತ್ತಿಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: 'ಮದುವೆಗೆ ಮುಂಚೆ ಹೀಂಗ್ ಇರ್ಲಿಲ್ಲಪ್ಪ.' ಅಷ್ಟೇ. ಉಳಿದದ್ದನ್ನು ನಾವೇ ತುಂಬಿಕೊಳ್ಳಬೇಕು. ಕಾಲ್ಗುಣ. ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ಅದಕ್ಕೆ ಕುಡಿಯುತ್ತಾನೆ. ಹೆಂಡತಿ ಬೈಯುತ್ತಾಳೆ, ಅದಕ್ಕೆ. ಬೈಯುವುದಿಲ್ಲ, ಸಲಿಗೆ ಕೊಟ್ಟಿದ್ದಾಳೆ, ಅದಕ್ಕೆ. ನೀತಿಯಲ್ಲಿ ಸೋತವನು ಒಬ್ಬ, ದಂಡ ಕಟ್ಟುವವಳು ಇನ್ನೊಬ್ಬಳು. ಇಲ್ಲಿ ಕೂತಿರುವ ಹೆಂಗಸರಲ್ಲಿ ಕೆಲವರು ತಲೆ ಆಡಿಸುತ್ತಿದ್ದೀರಿ. ಸಾಕು, ಹೆಚ್ಚು ಹೇಳುವುದಿಲ್ಲ.

ಈಗ ದೈವದ ಕಾರಣ. ನಮ್ಮತ್ತೆ ಒಳ್ಳೆಯ ಹೆಂಗಸು. ಮಗ ಕೆಟ್ಟವನು ಅಂತ ಅವರು ಒಪ್ಪುವ ಹಾಗೇ ಇರಲಿಲ್ಲ. ಹೆತ್ತವಳು ಹೇಗೆ ಒಪ್ಪುತ್ತಾಳೆ? 'ನಮ್ಮ ಮಾಣಿ ಹೀಂಗಲ್ಲ. ಯಾರೋ ಎಂತದೋ ಮಾಡ್ಸಿರ್' ಅನ್ನುತ್ತಿದ್ದರು. ಊರಿಗೆ ಹೋಗಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಹರಡಿ, ಎಣಿಸಿ, ನಾಗದೋಷ ಅಂದರು. ಆಶ್ಲೇಷಾ ಬಲಿ ಆಯಿತು. ಇನ್ನೊಬ್ಬರು ಕೈಮದ್ದು ಹಾಕಿದ್ದಾರೆ ಅಂದರು. ಅದನ್ನು ಕಕ್ಕಿಸಲು ಮತ್ತೊಂದು ಮದ್ದು. ಮುಂಬಯಿಯಲ್ಲಿ ಇನ್ನೊಬ್ಬರು ಸಾಡೇಸಾತಿ ಅಂದರು. ಎಷ್ಟು ಖರ್ಚಾಯಿತು ಅಂತ ಕೇಳಬೇಡಿ. ಕುಡಿತಕ್ಕೆ ಆದದ್ದಕ್ಕಿಂತ ಕಡಿಮೆಯೇ ಆಯಿತು ಅನ್ನಿ.

ಇದನ್ನು ನಾನು ತಮಾಷೆ ಮಾಡುತ್ತಿಲ್ಲ. ದೋಷ ಅಂದ ದಿನ ಆ ಮನೆಯಲ್ಲಿ ಮೊದಲ ಸಲ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಯಾಕೆಂದರೆ ತಪ್ಪು ಯಾರದ್ದೂ ಅಲ್ಲ ಅಂತಾಯಿತು. ನನ್ನದೂ ಅಲ್ಲ. ನೀತಿಯ ಕಾರಣ ನನಗೆ ಕೊಡದ ಉಸಿರನ್ನು ಕವಡೆ ಕೊಟ್ಟಿತು.

ನಳನ ಕಥೆ ನೆನಪು ಮಾಡಿಕೊಳ್ಳಿ. ಮಹಾಭಾರತದ ವನಪರ್ವದಲ್ಲಿದೆ. ನಮ್ಮಲ್ಲಿ ಕನಕದಾಸರು ಬರೆದಿದ್ದಾರೆ. ಯಕ್ಷಗಾನದಲ್ಲಿ ರಾತ್ರಿಯಿಡೀ ನೋಡಿದ್ದೀರಿ. ಮೂಲ ಕಥೆಯಲ್ಲಿ ಕಲಿ ಹನ್ನೆರಡು ವರ್ಷ ಕಾಯುತ್ತಾನೆ, ನಳನೊಳಗೆ ಹೋಗಲು. ಒಂದು ಸಂಜೆ ನಳ ಮೂತ್ರ ಮಾಡಿ ಬಂದು, ಕಾಲು ತೊಳೆಯದೆ ಸಂಧ್ಯಾವಂದನೆಗೆ ಕೂತ. ಅಷ್ಟೇ ಸಾಕಾಯಿತು. ಕಲಿ ಒಳಗೆ ಹೋದ. ಆಮೇಲೆ ತಿಂಗಳುಗಟ್ಟಲೆ ಜೂಜು. ಮಂತ್ರಿಗಳು, ಊರ ಜನ ಬಾಗಿಲಿಗೆ ಬಂದರೂ ತಲೆ ಎತ್ತಲಿಲ್ಲ.

ಹನ್ನೆರಡು ವರ್ಷದಲ್ಲಿ ಸಿಕ್ಕಿದ ತಪ್ಪು ಒಂದು. ಅದೂ ಎಷ್ಟು ಸಣ್ಣದು! ಬರೆದವನಿಗೆ ನಳನನ್ನು ಕೆಟ್ಟವನು ಮಾಡುವ ಇಷ್ಟವೇ ಇಲ್ಲ ಅಂತ ನನಗನ್ನಿಸುತ್ತದೆ. ಯಾರು ಬೇಕಾದರೂ ಒಂದು ಸಂಜೆ ಕಾಲು ತೊಳೆಯದೆ ಕೂರಬಹುದು, ಅಲ್ವಾ?

ಆದರೆ ಕಥೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಕಲಿ ಒಳಗೆ ಬಂದದ್ದು ನಳನ ತಪ್ಪಲ್ಲ, ಸರಿ. ಹೊರಗೆ ಹೋದದ್ದು ಹೇಗೆ? ಯಾರೂ ಅವನ ಪರವಾಗಿ ಬಲಿ ಕೊಡಲಿಲ್ಲ. ರಾಜ್ಯ ಹೋಗಿ, ರೂಪ ಹೋಗಿ, ಕಾರ್ಕೋಟಕ ಅನ್ನುವ ಹಾವಿನಿಂದ ಕಚ್ಚಿಸಿಕೊಂಡು, ಬಾಹುಕ ಅನ್ನುವ ಹೆಸರಲ್ಲಿ ಋತುಪರ್ಣನ ಸಾರಥಿಯಾದ. ಒಂದು ದಿನ ರಥ ಹೋಗುತ್ತಿರುವಾಗ ತಾರೆ ಮರ ಒಂದರ ಎಲೆ, ಕಾಯಿ ಎಷ್ಟು ಅಂತ ರಾಜ ಹೇಳಿದ. ನಳ ಒಪ್ಪಲಿಲ್ಲ. ರಥ ನಿಲ್ಲಿಸಿ, ಇಳಿದು, ಕೂತು ಎಣಿಸಿದ. ಲೆಕ್ಕ ಸರಿಯಿತ್ತು. ಆ ಎಣಿಕೆಯ ವಿದ್ಯೆ, ಅದರ ಜೊತೆಗಿದ್ದ ದಾಳದ ವಿದ್ಯೆ ಕಲಿಸು ಅಂದ, ಬದಲಿಗೆ ತನ್ನ ಕುದುರೆ ವಿದ್ಯೆ ಕೊಟ್ಟ. ದಾಳದ ಗುಟ್ಟು ತಿಳಿದ ಕೂಡಲೇ ಕಲಿ ವಿಷ ಕಾರುತ್ತ ಹೊರಗೆ ಬಂದ. ಹೋಗಿ ಸೇರಿದ್ದು ಅದೇ ತಾರೆ ಮರವನ್ನು. ಹಳೆಯ ಕಾಲದಲ್ಲಿ ದಾಳ ಅಂದರೆ ಅದೇ ಮರದ ಕಾಯಿ.

ಆಮೇಲೆ ನಳ ಹೋಗಿ, ಜೂಜಿನಲ್ಲಿ ತನ್ನನ್ನು ಸೋಲಿಸಿದ್ದ ಸೋದರ ಪುಷ್ಕರನ ಜೊತೆ ಇನ್ನೊಂದು ಆಟ ಆಡಿ ರಾಜ್ಯ ಗೆಲ್ಲುತ್ತಾನೆ. ಈ ಭಾಗವನ್ನು ನಾನು ಮನೆಯಲ್ಲಿ ಹೇಳುವುದಿಲ್ಲ. ಕಲಿತುಕೊಂಡೆ, ಇನ್ನು ಒಂದೇ ಒಂದು ಪೆಗ್ ಪರವಾಗಿಲ್ಲ ಅಂದರೆ ಕಷ್ಟ.

ದಮಯಂತಿ ಏನು ಮಾಡಿದಳು ಅನ್ನುವುದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ಗಂಡ ಇನ್ನೂ ಆಡುತ್ತಿರುವಾಗಲೇ, ಎಲ್ಲ ಹೋಗುತ್ತದೆ ಅಂತ ಗೊತ್ತಾದ ಕೂಡಲೇ, ಸಾರಥಿ ವಾರ್ಷ್ಣೇಯನನ್ನು ಕರೆದು ಇಬ್ಬರು ಮಕ್ಕಳನ್ನು ರಥದಲ್ಲಿ ತವರಿಗೆ ಕಳಿಸಿಬಿಟ್ಟಳು. ಅಳುತ್ತ ಕೂರಲಿಲ್ಲ. 1997ರಲ್ಲಿ ನಾನೂ ಹತ್ತು ವರ್ಷದ ಮಗನನ್ನು ಕುಂದಾಪುರದ ಬಸ್ಸು ಹತ್ತಿಸಿದೆ. ಕಂಡಕ್ಟರ್ ಪರಿಚಯದವರು. ಮಗನ ಚೀಲದಲ್ಲಿ ಶಾಲೆಯ ಟಿ.ಸಿ., ಎರಡು ಜೊತೆ ಬಟ್ಟೆ, ಅವನು ಹಠ ಮಾಡಿ ತುರುಕಿದ ಪ್ಲಾಸ್ಟಿಕ್ ಬ್ಯಾಟು. ತಾಯಿಯಾಗಿ ಮಾಡಬಾರದ್ದು ಮಾಡಿದೆ ಅಂತ ವರ್ಷಗಟ್ಟಲೆ ಕೊರಗಿದೆ. ದಮಯಂತಿಯನ್ನು ಸರಿಯಾಗಿ ಓದಿದ್ದು ಆಮೇಲೆ.

ಇನ್ನು 1998. ಇದನ್ನು ಹೇಳಲಿಕ್ಕೇ ನಾನು ಇವತ್ತು ಒಪ್ಪಿಕೊಂಡದ್ದು. ಅತ್ತೆ ಊರಿಂದ ಬಂದಿದ್ದರು. ದೇವರ ಫೋಟೋ ಮುಂದೆ ತೆಂಗಿನಕಾಯಿ ಮುಟ್ಟಿಸಿ ಮಗನಿಂದ ಆಣೆ ಮಾಡಿಸಿದರು, ಇನ್ನು ಮುಟ್ಟುವುದಿಲ್ಲ ಅಂತ. ಅವರೂ ಕಣ್ಣಲ್ಲಿ ನೀರು ಹಾಕಿಕೊಂಡೇ ಆಣೆ ಮಾಡಿದರು. ಸುಳ್ಳು ಆಣೆಯಲ್ಲ. ಆ ಹೊತ್ತಿಗೆ ದಿನಾ ಬೆಳಿಗ್ಗೆಯಿಂದಲೇ ಕುಡಿಯುವ ಹಂತ. ಅಂಥವರು ಒಮ್ಮೆಲೇ ನಿಲ್ಲಿಸಿದರು.

ಮೊದಲ ದಿನ ಬೆವರು, ನಡುಕ. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದರೂ ಚೆಲ್ಲುತ್ತಿತ್ತು. ಎರಡನೇ ದಿನ ನಿದ್ದೆಯಿಲ್ಲ. ಮೂರನೇ ರಾತ್ರಿ ಎದ್ದು ಕೂತು ಗೋಡೆಯಿಂದ ಏನನ್ನೋ ಹೆಕ್ಕತೊಡಗಿದರು. 'ಇರುವೆ, ಇರುವೆ, ಸಾಲು ಹೋಗ್ತಾ ಇದೆ, ಸೀಮೆಎಣ್ಣೆ ತಾ' ಅಂದರು. ಗೋಡೆ ಮೇಲೆ ಏನೂ ಇಲ್ಲ. ಆಮೇಲೆ ಬಾಗಿಲ ಕಡೆ ನೋಡಿ ತೀರಿಹೋದ ಮಾವನ ಜೊತೆ ಮಾತಾಡಲು ಶುರು ಮಾಡಿದರು. ಹೋಟೆಲಿನ ಲೆಕ್ಕ ಒಪ್ಪಿಸುತ್ತಿದ್ದರು. ಅತ್ತೆ ಕೈ ಮುಗಿದರು. 'ಬಂದಿದ್ದಾರೆ' ಅಂದರು. ಕುಂಕುಮ ಹಚ್ಚಿದರು, ಮಂತ್ರಿಸಿದ ದಾರ ಕಟ್ಟಿದರು. ನಾನೂ ನಂಬಿದೆ, ಯಾಕೆ ಸುಳ್ಳು ಹೇಳಲಿ. ಬೆಳಗಿನ ಜಾವ ಮೈ ಸೆಟೆದು ಫಿಟ್ಸ್ ಬಂತು. ಆ ಮರಾಠಿ ವಹಿನಿಯ ತಮ್ಮ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು. ಅವನು ನೋಡಿ ಒಂದೇ ಮಾತು ಕೇಳಿದ: 'ಕುಡಿಯೋದು ಯಾವಾಗ ನಿಲ್ಲಿಸಿದ್ದು?' ಅವನೇ ರಿಕ್ಷಾ ತಂದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದರು. ವರ್ಷಗಟ್ಟಲೆ ಹೆಚ್ಚು ಕುಡಿದ ಮೆದುಳು ಆ ಮಂಪರಿಗೇ ಹೊಂದಿಕೊಂಡಿರುತ್ತದೆ. ಅದನ್ನು ತಳ್ಳಿ ಎಚ್ಚರ ಇರಲು ತಾನೂ ಜಾಸ್ತಿ ಜೋರು ಮಾಡುತ್ತಿರುತ್ತದೆ. ಒಮ್ಮೆಲೇ ಮದ್ಯ ತೆಗೆದರೆ ಆ ಜೋರಿಗೆ ತಡೆ ಇಲ್ಲ. ನಡುಕ, ಫಿಟ್ಸ್, ಎರಡರಿಂದ ನಾಲ್ಕು ದಿನದೊಳಗೆ ಇಲ್ಲದ್ದು ಕಾಣುವುದು. ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರು. ಚಿಕಿತ್ಸೆ ಇಲ್ಲದಿದ್ದರೆ ಜೀವ ಹೋಗಬಹುದು. ಶಾಂತವಾಗಿಸುವ ಔಷಧಿಯನ್ನು ದಿನದಿಂದ ದಿನಕ್ಕೆ ಇಳಿಸುತ್ತ ಕೊಟ್ಟರು, ಜೊತೆಗೆ ಬಿ1 ವಿಟಮಿನ್ ಇಂಜೆಕ್ಷನ್. ಐದನೇ ದಿನ ಅವರು ಇಡ್ಲಿ ಕೇಳಿದರು.

ಆಣೆ ತಪ್ಪಲ್ಲ. ಆಣೆ ಉಳಿಸಿಕೊಳ್ಳುವ ಪ್ರಯತ್ನದಲ್ಲೇ ಮನುಷ್ಯ ಸಾಯುತ್ತಿದ್ದ, ಅಷ್ಟೇ. ನಿಮ್ಮ ಮನೆಯಲ್ಲಿ ದಿನಾ ಕುಡಿಯುವವರು ಹರಕೆ ಹೇಳಿ ದಿಢೀರ್ ನಿಲ್ಲಿಸಿದರೆ ಖುಷಿಪಡುವ ಮೊದಲು ಡಾಕ್ಟರಿಗೆ ತೋರಿಸಿ. ದಯವಿಟ್ಟು.

ಇಲ್ಲಿ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ನಮ್ಮನೆಯವರು ಕೆಲಸ ಮಾಡುತ್ತಿದ್ದದ್ದು ಒಂದು ಪರ್ಮಿಟ್ ರೂಮಿನ, ಅಂದರೆ ಬಾರಿನ, ಗಲ್ಲಾದಲ್ಲಿ. ನಮ್ಮವರಲ್ಲಿ ಎಷ್ಟು ಜನ ಆ ದಂಧೆಯಲ್ಲಿದ್ದೀರಿ ಅಂತ ಗೊತ್ತು, ಬೇಜಾರು ಬೇಡ. ಪರ್ಮಿಟ್ ರೂಮು ಅಂತ ಯಾಕೆ ಹೆಸರು? 1949ರ ಮುಂಬಯಿ ಪಾನನಿಷೇಧ ಕಾಯ್ದೆ. ಮೊರಾರ್ಜಿ ದೇಸಾಯಿಯವರ ಕಾಲ. ಆಮೇಲೆ ಸಡಿಲವಾಯಿತು, ಆದರೆ ಕಾಯ್ದೆ ಹೋಗಲಿಲ್ಲ. ಇವತ್ತಿಗೂ ಮಹಾರಾಷ್ಟ್ರದಲ್ಲಿ ಕುಡಿಯಲು ಪರ್ಮಿಟ್ ಬೇಕು. ಅದನ್ನು ಕೊಡುವುದು ಯಾವ ಕಾರಣಕ್ಕೆ ಗೊತ್ತಾ? ಆರೋಗ್ಯ ಕಾಪಾಡಿಕೊಳ್ಳಲು! ನೀತಿಗಾಗಿ ಕುಡಿತ ನಿಲ್ಲಿಸಿದ ಸರ್ಕಾರ ಔಷಧಿ ಅಂತ ಹೇಳಿ ಬಾಗಿಲು ತೆರೆಯಿತು. ನಮ್ಮನೆಯವರ ಹತ್ತಿರ ಜೀವಮಾನದ ಪರ್ಮಿಟ್ ಇತ್ತು. ಆಸ್ಪತ್ರೆಗೆ ಸೇರಿಸುವಾಗ ಗುರುತಿನ ಚೀಟಿ ಹುಡುಕಿದರೆ ಪಾಕೀಟಿನಲ್ಲಿ ಸಿಕ್ಕಿದ್ದು ಅದೇ. ಅಂದಹಾಗೆ, ಪಾನನಿಷೇಧಕ್ಕೆ ಅಷ್ಟು ಹಠ ಹಿಡಿದ ಗಾಂಧೀಜಿಯೇ ಕುಡಿತ ದುರ್ಗುಣಕ್ಕಿಂತ ಹೆಚ್ಚಾಗಿ ರೋಗ ಅಂತ ಬರೆದಿದ್ದಾರೆ. ಬಿಡಬೇಕು ಅಂತ ಬಯಸಿಯೂ ಬಿಡಲಾಗದವರನ್ನು ಅವರು ಹತ್ತಿರದಿಂದ ನೋಡಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಯಾರೋ ಮೀಟಿಂಗ್ ವಿಷಯ ಹೇಳಿದರು. ಆಲ್ಕೊಹಾಲಿಕ್ಸ್ ಅನಾನಿಮಸ್. ಎ.ಎ. ಅಂತ ಕರೆಯುತ್ತಾರೆ. ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಅನ್ನುವ ಊರಲ್ಲಿ. ಒಬ್ಬ ಶೇರು ಪೇಟೆಯವನು, ಒಬ್ಬ ಸರ್ಜನ್. ಇಬ್ಬರೂ ಕುಡಿದು ಕೆಟ್ಟವರು. ಇನ್ನೊಬ್ಬ ಕುಡುಕನ ಜೊತೆ ಕೂತು ಮಾತಾಡಿದರೆ ಆ ದಿನ ಕುಡಿಯದೆ ಇರಬಹುದು ಅಂತ ಕಂಡುಕೊಂಡರು. ಅವರಿಗೆ ನೀತಿಯ ಕಡೆಯಿಂದ ಬಂದದ್ದು ಆಕ್ಸ್‌ಫರ್ಡ್ ಗ್ರೂಪ್ ಅನ್ನುವ ಕ್ರೈಸ್ತ ಗುಂಪಿನ ಪಾಠ: ತಪ್ಪು ಒಪ್ಪಿಕೋ, ನಷ್ಟ ತುಂಬಿಕೊಡು. ವೈದ್ಯದ ಕಡೆಯಿಂದ ಬಂದದ್ದು ನ್ಯೂಯಾರ್ಕಿನ ಡಾಕ್ಟರ್ ಸಿಲ್ಕ್‌ವರ್ತ್ ಅವರ ಮಾತು: ಇದು ಮೈಗೆ ಅಲರ್ಜಿ, ಮನಸ್ಸಿಗೆ ಗೀಳು. ಅಲರ್ಜಿ ಅನ್ನುವ ಮಾತನ್ನು ಇವತ್ತಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಅವತ್ತು ಅಷ್ಟು ಕೇಳಿದ್ದೇ ಎಷ್ಟೋ ಜನರಿಗೆ ತಲೆ ಎತ್ತುವ ಹಾಗಾಯಿತು. ಮೂರನೆಯ ಎಳೆ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ ಅವರದ್ದು. ತಮ್ಮ ಒಬ್ಬ ರೋಗಿಗೆ, ನಿನಗೆ ನನ್ನ ವೈದ್ಯ ಸಾಲದು, ಆಧ್ಯಾತ್ಮದ ಅನುಭವ ಏನಾದರೂ ಆದರೆ ಉಂಟು ಅಂದಿದ್ದರಂತೆ. 1961ರಲ್ಲಿ ಆ ಶೇರು ಪೇಟೆಯವನಿಗೆ ಬರೆದ ಪತ್ರದಲ್ಲಿ ಯೂಂಗ್, ಲ್ಯಾಟಿನ್ನಲ್ಲಿ ಮದ್ಯಕ್ಕೂ ಆತ್ಮಕ್ಕೂ ಒಂದೇ ಪದ, ಸ್ಪಿರಿಟಸ್ ಅಂತ ತೋರಿಸಿದರು. ಕುಡಿಯುವವನ ಬಾಯಾರಿಕೆ ಕೆಳಮಟ್ಟದಲ್ಲಿ ದೇವರ ಬಾಯಾರಿಕೆಯೇ ಅಂದರು. ನನಗೆ ಇದು ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ನಮ್ಮನೆಯವರ ಬಾಯಾರಿಕೆ ನೋಡಿದ್ದೇನಲ್ಲ, ಅದರಲ್ಲಿ ದೇವರು ಕಂಡದ್ದು ಕಡಿಮೆ.

ಭಾರತದಲ್ಲಿ ಎ.ಎ. ಶುರುವಾದದ್ದು 1957ರಲ್ಲಿ. ನಾವು ಹೋದ ಮೀಟಿಂಗ್ ನಡೆಯುತ್ತಿದ್ದದ್ದು ಮುನ್ಸಿಪಾಲ್ಟಿ ಶಾಲೆಯಲ್ಲಿ, ಮೂರನೇ ಕ್ಲಾಸಿನ ಕೋಣೆಯಲ್ಲಿ. ಮನೆಯವರೂ ಬರಬಹುದಾದ ಓಪನ್ ಮೀಟಿಂಗ್ ಅಂತ ಇರುತ್ತದೆ. ನಾನು ಇಡೀ ಆಯುಷ್ಯ ಅಂಥ ಕೋಣೆಯಲ್ಲಿ ಪಾಠ ಮಾಡಿದವಳು. ಆ ಪುಟ್ಟ ಬೆಂಚುಗಳಲ್ಲಿ ದೊಡ್ಡ ದೊಡ್ಡ ಗಂಡಸರು ಮೊಣಕಾಲು ಮಡಚಿ ಕೂತಿದ್ದರು. ಟ್ಯಾಕ್ಸಿಯವರು, ಬ್ಯಾಂಕಿನವರು, ಒಬ್ಬ ಪೊಲೀಸ್. ಗೋಡೆ ಮೇಲೆ ಮಕ್ಕಳು ಬರೆದ ಮಗ್ಗಿ. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ನಾನು ಆಲ್ಕೊಹಾಲಿಕ್ ಅಂದರು. ಯಾರೂ ಉಪದೇಶ ಮಾಡಲಿಲ್ಲ. ಚಹಾ ಚೆನ್ನಾಗಿತ್ತು.

ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು ನನಗೆ ಆಗಿಬರಲೇ ಇಲ್ಲ. ಮದ್ಯದ ಮುಂದೆ ನಾವು ಬಲಹೀನರು ಅಂತ ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಮನಸ್ಸು ಗಟ್ಟಿ ಮಾಡು ಅಂತ ಹೇಳಿ ಹೇಳಿ ಸಾಕಾದವಳು ನಾನು, ಇವರು ನೋಡಿದರೆ ಆಗಲ್ಲ ಅಂತ ಒಪ್ಪಿಕೋ ಅನ್ನುತ್ತಾರೆ! ಎರಡನೆಯದು ತನಗಿಂತ ದೊಡ್ಡ ಶಕ್ತಿಯನ್ನು ನಂಬುವುದು. ಮೂರನೆಯದರಲ್ಲಿ ದೇವರು ಬರುತ್ತಾನೆ, 'ನಮಗೆ ತಿಳಿದಂಥ ದೇವರು' ಅಂತ. ಆ ಎರಡು ಪದ ಹಾಕಿದವರ ಬುದ್ಧಿ ಮೆಚ್ಚಬೇಕು. ನಮ್ಮನೆಯವರಿಗೆ ಆ ಹೊತ್ತಿಗೆ ದೇವರ ಮೇಲೆ ಸಿಟ್ಟು. ನಿನ್ನ ಹೈಯರ್ ಪವರ್ ಯಾರು ಅಂತ ಸ್ಪಾನ್ಸರ್, ಅಂದರೆ ಹೊಸಬರಿಗೆ ದಾರಿ ತೋರಿಸುವ ಹಳೆಯ ಸದಸ್ಯರು, ಕೇಳಿದರೆ ಇವರು '7:42ರ ಫಾಸ್ಟ್ ಲೋಕಲ್' ಅಂದರಂತೆ. ನಾನು ಬಂದರೂ ಹೊರಡುತ್ತದೆ, ಬಾರದಿದ್ದರೂ ಹೊರಡುತ್ತದೆ, ನನ್ನ ಮಾತು ಕೇಳುವುದಿಲ್ಲ ಅಂತ. ಸ್ಪಾನ್ಸರ್ ನಗಲಿಲ್ಲ. ಸದ್ಯಕ್ಕೆ ಸಾಕು ಅಂದರಂತೆ.

ನಾಲ್ಕನೆಯ ಮೆಟ್ಟಿಲು ಬಂದಾಗ ನನಗೆ ಅರ್ಥವಾಯಿತು. ತನ್ನ ಗುಣದೋಷಗಳ ಲೆಕ್ಕ ತೆಗೆಯಬೇಕು, ಹೆದರದೆ. ಇವರು ಗಲ್ಲಾದವರಲ್ಲವೇ, ಒಂದು ಕಿರ್ದಿ ಪುಸ್ತಕ ತಂದರು. ಬಾರಿನಲ್ಲಿ ರಾತ್ರಿ ಬಾಟಲಿ ಸ್ಟಾಕ್ ಬರೆಯುವ ಹಾಗೆ ಗೆರೆ ಎಳೆದು ಬರೆದರು. ಅಣ್ಣನಿಗೆ 4,000. ತಂಗಿಯ ಬಳೆ ಎರಡು, ಅಡವಿಟ್ಟದ್ದು, ಬಿಡಿಸಲಿಲ್ಲ. ವೇಟರ್ ಹುಡುಗನ ಮೇಲೆ ಕದ್ದ ಆರೋಪ ಹಾಕಿದ್ದು, ಕದ್ದದ್ದು ನಾನು. ಆ ಕೊನೆಯ ಸಾಲು ನನಗೆ ಗೊತ್ತೇ ಇರಲಿಲ್ಲ. ಆ ಹುಡುಗನನ್ನು ಕೆಲಸದಿಂದ ತೆಗೆದಿದ್ದರು. ಇವರು ವಿಳಾಸ ಹುಡುಕಿಕೊಂಡು ಅವನ ಊರಿಗೇ ಹೋದರು. ಅವನು ಮುಖ ನೋಡಿ ಬಾಗಿಲು ಹಾಕಿದ. ಸರಿಯಾಗೇ ಮಾಡಿದ.

ನೋಡಿ, ಇದೂ ನೀತಿಯೇ. ಆದರೆ ನಮ್ಮ ಅತ್ತಿಗೆ ಹೇಳಿದ ನೀತಿಗೂ ಇದಕ್ಕೂ ಅಜಗಜಾಂತರ. ಅಲ್ಲಿ ಬೇರೆಯವರು ಬರೆದ ಲೆಕ್ಕ, ಇಲ್ಲಿ ತಾನೇ ಬರೆದದ್ದು. ಯಾಕೆ ಕುಡಿದೆ ಅಂತ ಆ ಕಿರ್ದಿಯಲ್ಲಿ ಎಲ್ಲೂ ಇಲ್ಲ. ಕುಡಿದಾಗ ಯಾರಿಗೆ ಏನು ಹೋಯಿತು ಅಂತ ಮಾತ್ರ ಇದೆ. ನಳ ರಥ ನಿಲ್ಲಿಸಿ ಕಾಯಿ ಎಣಿಸಿದ್ದು ನನಗೆ ನೆನಪಾಗುವುದು ಇಲ್ಲೇ.

ನಮ್ಮ ಸುತ್ತಮುತ್ತಲೂ ಇಂಥ ಕೆಲಸ ನಡೆದಿದೆ. ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ 1981ರಲ್ಲಿ ಕೃಪಾ ಫೌಂಡೇಶನ್ ಶುರು ಮಾಡಿದರು. ಅವರೇ ಕುಡಿತದಿಂದ ಹೊರಬಂದವರು. ಹನ್ನೆರಡು ಮೆಟ್ಟಿಲುಗಳ ಜೊತೆ ಯೋಗ ಸೇರಿಸಿದರು, ಕಲಿತದ್ದು ಪುಣೆಯಲ್ಲಿದ್ದ ನಮ್ಮ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರಿಂದ. ಕ್ರೈಸ್ತ ಪಾದ್ರಿ, ಅಮೆರಿಕದ ಮೆಟ್ಟಿಲು, ಕೋಲಾರ ಕಡೆಯವರ ಆಸನ! ಪುಣೆಯಲ್ಲೇ 1986ರಿಂದ ಮುಕ್ತಾಂಗಣ ಅನ್ನುವ ವ್ಯಸನಮುಕ್ತಿ ಕೇಂದ್ರ ಇದೆ, ಡಾ. ಅನಿತಾ ಮತ್ತು ಅನಿಲ್ ಅವಚಟ್ ಕಟ್ಟಿದ್ದು. ಮರಾಠಿ ಸಾಹಿತಿ ಪು.ಲ. ದೇಶಪಾಂಡೆಯವರು ಹಣ ಕೊಟ್ಟು ನಿಂತರು. ಊರ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳು ನಿಮಗೆ ಗೊತ್ತೇ ಇವೆ.

ರೋಗ ಅನ್ನುವ ಕಾರಣಕ್ಕೂ ಒಂದು ಬುದ್ಧಿ ಇದೆ, ಹೇಳಿಬಿಡುತ್ತೇನೆ. 1999ರಲ್ಲಿ ಇವರಿಗೆ ಸ್ಲಿಪ್ ಆಯಿತು. ಮೀಟಿಂಗಿನವರು ಮತ್ತೆ ಕುಡಿದದ್ದಕ್ಕೆ ಸ್ಲಿಪ್ ಅನ್ನುತ್ತಾರೆ. ನಾನು ಕಿರುಚಿದೆ. ಇವರು ಸಮಾಧಾನವಾಗಿ, 'ಡಾಕ್ಟರೇ ರೋಗ ಅಂದಿದ್ದಾರಲ್ಲ' ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ನಮ್ಮ ಶಾಲೆಯ ಜವಾನ ಹೇಳಿಕೊಟ್ಟ. ಅವನಿಗೆ ಸಕ್ಕರೆ ಕಾಯಿಲೆ. 'ಟೀಚರ್, ನಂಗೂ ರೋಗ. ಆದ್ರೂ ಇಂಜೆಕ್ಷನ್ ನಾನೇ ಚುಚ್ಕೋಬೇಕಲ್ಲ' ಅಂದ. ಅದನ್ನೇ ಬಂದು ಇವರಿಗೆ ಹೇಳಿದೆ.

ರೋಗವೇ, ಒಪ್ಪುತ್ತೇನೆ. ಅವಳಿಮಕ್ಕಳ ಅಧ್ಯಯನಗಳಿಂದ ಸುಮಾರು ಅರ್ಧದಷ್ಟು ಪಾಲು ಹುಟ್ಟಿನಿಂದ ಬರುತ್ತದೆ ಅಂತ ತಿಳಿದಿದೆ. ಮಿಕ್ಕ ಅರ್ಧ? ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬ ಹೆರಾಯಿನ್ನಿನಂಥ ಮಾದಕಕ್ಕೆ ಅಂಟಿಕೊಂಡಿದ್ದ. 1971ರಲ್ಲಿ ವಾಪಸ್ಸಾದವರನ್ನು ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಹುಡುಕಿ ಹುಡುಕಿ ಮಾತಾಡಿಸಿದರು. ಅಲ್ಲಿ ಅಂಟಿಕೊಂಡವರಲ್ಲಿ, ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ಅದಕ್ಕೇ ಬಿದ್ದವರು ನೂರಕ್ಕೆ ಸುಮಾರು ಐದು. ಜಾಗ ಬದಲಾಯಿತು, ಜೊತೆಗಾರರು ಬದಲಾದರು, ಹೆದರಿಕೆ ಹೋಯಿತು. ಕುಡಿತಕ್ಕೆ ಇದೇ ಲೆಕ್ಕ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಇದನ್ನು ಓದಿದಾಗ ನನಗೆ ಗಲ್ಲಾದ ಹಿಂದಿನ ಬಾಟಲಿಗಳ ಸಾಲು ನೆನಪಾಯಿತು.

ಕೊನೆಗೆ ನಮ್ಮಲ್ಲೂ ಜಾಗವೇ ಬದಲಾಯಿತು. 2000ದಲ್ಲಿ ಗಲ್ಲಾ ಬಿಟ್ಟರು. ನನ್ನ ಪಿ.ಎಫ್. ಸಾಲದಲ್ಲಿ ಸ್ಟೇಷನ್ ಹತ್ತಿರ ಇಡ್ಲಿ ಹಿಟ್ಟಿನ ಅಂಗಡಿ ಹಾಕಿದೆವು. ಆಮೇಲೆ ಅವರು ಕುಡಿದಿಲ್ಲ. ಬಿಡಿಸಿದ್ದು ಯಾವುದು ಅಂತ ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ, ಪ್ರತಿ ಸಲ ಕೇಳುತ್ತಾರೆ. ನಮ್ಮತ್ತೆ ಬದುಕಿರುವವರೆಗೂ ನಾಗ ಅಂದರು. ಪ್ರತಿ ಪಂಚಮಿಗೆ ತನು ಹಾಕಿಸಿದರು. ನಾನೂ ಜೊತೆಗೆ ಹೋಗಿ ಹಾಲು ಕೊಟ್ಟು ಬರುತ್ತಿದ್ದೆ. ಡಾಕ್ಟರಮ್ಮ ಮಾತ್ರೆ ಅಂದಾರು. ಇವರನ್ನು ಕೇಳಿದರೆ ಆ ಮೂರನೇ ಕ್ಲಾಸಿನ ಬೆಂಚು ಅನ್ನುತ್ತಾರೆ, ಈಗಲೂ ವಾರಕ್ಕೆರಡು ಸಲ ಹೋಗುತ್ತಾರೆ. ನನ್ನನ್ನು ಕೇಳಿದರೆ ನಾನು ಗ್ರೈಂಡರ್ ಅನ್ನುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಅಕ್ಕಿ-ಉದ್ದು ರುಬ್ಬಲು ಹಾಕಬೇಕು. ಆರಕ್ಕೆ ಗಿರಾಕಿಗಳು ಪಾತ್ರೆ ಹಿಡಿದು ನಿಂತಿರುತ್ತಾರೆ. ಹಿಟ್ಟು ಸರಿಯಿಲ್ಲ ಅಂದರೆ ಮುಖಕ್ಕೇ ಬೈಯುತ್ತಾರೆ.

ಮೂರನೇ ಸಾಲಿನಲ್ಲಿ ಅವರು ಗಡಿಯಾರ ನೋಡುತ್ತಿದ್ದಾರೆ. ಉದ್ದು ನೆನೆಹಾಕುವ ಹೊತ್ತಾಯಿತು. ಪ್ರಶ್ನೆ ಇದ್ದರೆ ಬೇಗ ಕೇಳಿ.